ಅಲ್ಯೂಮಿನಿಯಂ–ಸಿಲಿಕಾನ್ ಮಿಶ್ರಲೋಹ: ಚಿಟಿಕೆಯಷ್ಟು ಧಾತುಗಳ ಪ್ರಭಾವ

ಒಂದು ಪಾತ್ರೆ ಹಾಲನ್ನು ಮೊಸರಾಗಿಸಲು ಅರ್ಧ ಚಮಚ ಹೆಪ್ಪು ಸಾಕು. ಹೆಪ್ಪು ಹದವಾಗಿದ್ದರೆ ಗಟ್ಟಿ ಮೊಸರು, ಹದ ತಪ್ಪಿದರೆ ಹುಳಿ ನೀರು. ಪಾತ್ರೆಯನ್ನು ಹೊರಗಿನಿಂದ ನೋಡಿದವರಿಗೆ ಈ ವ್ಯತ್ಯಾಸ ತಿಳಿಯದು. ಲೋಹಗಳ ಲೋಕದಲ್ಲಿಯೂ ಹೆಪ್ಪಿನಂಥ ವಸ್ತುಗಳಿವೆ. ಒಂದು ಟನ್ ಕರಗಿದ ಅಲ್ಯೂಮಿನಿಯಂ–ಸಿಲಿಕಾನ್ ಮಿಶ್ರಲೋಹಕ್ಕೆ ಕೇವಲ 200 ಗ್ರಾಂ ಸ್ಟ್ರಾನ್ಷಿಯಂ ಎಂಬ ಧಾತುವನ್ನು ಸೇರಿಸಿದರೆ ಆ ಲೋಹದ ಒಳರಚನೆಯೇ ಬದಲಾಗುತ್ತದೆ. ಅದೇ ಲೋಹಕ್ಕೆ ಎಚ್ಚರವಿಲ್ಲದೆ ಕೆಲವು ಕಿಲೋಗ್ರಾಂ ಕಬ್ಬಿಣ ಸೇರಿದರೆ ಅದು ಪೆಡಸಾಗಿ, ಪೆಟ್ಟು ಬಿದ್ದಾಗ ಬಾಗದೆ ಮುರಿಯುತ್ತದೆ.

ಇದು ಪ್ರಯೋಗಾಲಯಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಮೋಟಾರ್ ಸೈಕಲ್ಲಿನ ಇಂಜಿನ್ ಕವಚ, ಅದರೊಳಗಿನ ಪಿಸ್ಟನ್, ಕಾರಿನ ಅಲಾಯ್ ಚಕ್ರ, ಗೇರ್ ಪೆಟ್ಟಿಗೆ, ವಿದ್ಯುತ್ ಮೋಟಾರಿನ ಹೊರಕವಚ, ಇವುಗಳಲ್ಲಿ ಬಹುಪಾಲು ಈ ಮಿಶ್ರಲೋಹದಿಂದಲೇ ಎರಕ ಹೊಯ್ದವು. ಪುಣೆಯ ಪಿಂಪ್ರಿ–ಚಿಂಚವಾಡ, ಚೆನ್ನೈಯ ಅಂಬತ್ತೂರು, ಹೈದರಾಬಾದಿನ ಬಾಲಾನಗರದಂಥ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ಈ ಲೋಹದ ಪರಿಚಯ ಹೊಸದಲ್ಲ. ಮಳೆಗಾಲದ ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗ ಒಂದು ಚಕ್ರ ಸ್ವಲ್ಪ ಬಾಗಿ ಸವಾರನನ್ನು ಮನೆ ಮುಟ್ಟಿಸುತ್ತದೆ, ನೋಡಲು ಅದರಂತೆಯೇ ಇರುವ ಇನ್ನೊಂದು ಸೀಳಿ ಹೋಗುತ್ತದೆ. ಇವೆರಡರ ನಡುವಿನ ಅಂತರವು ಅನೇಕ ವೇಳೆ ನೂರಕ್ಕೆ ಅರ್ಧ ಭಾಗಕ್ಕಿಂತಲೂ ಕಡಿಮೆ ಇರುವ ಧಾತುಗಳಲ್ಲಿ ಅಡಗಿರುತ್ತದೆ.

ಸಿಲಿಕಾನ್ ಏಕೆ ಬೇಕು?

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಕರಗುತ್ತದೆ. ಹಗುರವಾದ ಈ ಲೋಹ ತುಕ್ಕು ಹಿಡಿಯುವುದಿಲ್ಲ. ಆದರೆ ಎರಕಕ್ಕೆ ಇದು ಒಗ್ಗುವ ಲೋಹವಲ್ಲ. ಅಚ್ಚಿನ ಇಕ್ಕಟ್ಟಾದ ಮೂಲೆಗಳಿಗೆ ಸರಾಗವಾಗಿ ಹರಿಯದು, ಆರುವಾಗ ಬಹಳ ಕುಗ್ಗುತ್ತದೆ, ಆರಿದ ಮೇಲೆ ಮೆತ್ತಗಿರುತ್ತದೆ. ಮರಳಿನಿಂದ ದೊರೆಯುವ ಸಿಲಿಕಾನ್ ಈ ಕೊರತೆಗಳಲ್ಲಿ ಹಲವನ್ನು ನೀಗುತ್ತದೆ. ಸಿಲಿಕಾನ್ ತಾನು 1414 ಡಿಗ್ರಿಯಲ್ಲಿ ಕರಗುವ ಧಾತುವಾದರೂ ಅಲ್ಯೂಮಿನಿಯಂನೊಡನೆ ಬೆರೆತಾಗ ಎರಡರ ಮಿಶ್ರಣವು ಎರಡಕ್ಕಿಂತಲೂ ಕಡಿಮೆ ಉಷ್ಣಾಂಶದಲ್ಲಿ ಕರಗುತ್ತದೆ. ಸಿಲಿಕಾನ್ ಸುಮಾರು ಶೇ. 12.6ರಷ್ಟಿದ್ದಾಗ ಈ ಉಷ್ಣಾಂಶ ಅತ್ಯಂತ ಕೆಳಮಟ್ಟಕ್ಕೆ, ಅಂದರೆ 577 ಡಿಗ್ರಿಗೆ ಇಳಿಯುತ್ತದೆ. ಲೋಹವಿಜ್ಞಾನಿಗಳು ಇಂಥ ಮಿಶ್ರಣವನ್ನು ಯೂಟೆಕ್ಟಿಕ್ ಎನ್ನುತ್ತಾರೆ. ಇದಲ್ಲದೆ ಸಿಲಿಕಾನ್ ಘನೀಭವಿಸುವಾಗ ನೀರು ಮಂಜುಗಡ್ಡೆಯಾದಂತೆ ಹಿಗ್ಗುವುದರಿಂದ ಅಲ್ಯೂಮಿನಿಯಂನ ಕುಗ್ಗುವಿಕೆಯನ್ನು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ.

ಇಷ್ಟೆಲ್ಲ ಉಪಕಾರಕ್ಕೆ ಪ್ರತಿಯಾಗಿ ಸಿಲಿಕಾನ್ ಒಂದು ತೊಡಕನ್ನೂ ತರುತ್ತದೆ. ಘನ ಅಲ್ಯೂಮಿನಿಯಂನಲ್ಲಿ ಅದು ಬಹಳ ಸ್ವಲ್ಪವೇ ಕರಗಿರಬಲ್ಲದು. ಉಳಿದುದು ಬೇರೆಯೇ ಹರಳುಗಳಾಗಿ ನಿಲ್ಲುತ್ತದೆ. ಮರಳಿನ ಅಚ್ಚಿನಲ್ಲಿ ನಿಧಾನವಾಗಿ ಆರಿದ ಲೋಹದ ತುಂಡನ್ನು ಉಜ್ಜಿ ನುಣುಪಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳ್ಳಗಿನ ಅಲ್ಯೂಮಿನಿಯಂನ ನಡುವೆ ಒಡೆದ ಹೆಂಚಿನ ಚೂರುಗಳಂತೆ ಬೂದು ಬಣ್ಣದ ಚೂಪಾದ ಸಿಲಿಕಾನ್ ಫಲಕಗಳು ಚೆಲ್ಲಿರುವುದು ಕಾಣುತ್ತದೆ. ಬಿರುಕು ಹುಟ್ಟಲು ಈ ಫಲಕಗಳ ಅಂಚು ಸಾಕು. ಹುಟ್ಟಿದ ಬಿರುಕು ಫಲಕದಿಂದ ಫಲಕಕ್ಕೆ ದಾರಿ ಮಾಡಿಕೊಂಡು ಸಾಗುತ್ತದೆ. ಆದುದರಿಂದ ಈ ಲೋಹದಲ್ಲಿ ಸಿಲಿಕಾನ್ ಎಷ್ಟಿದೆ ಎಂಬುದರಷ್ಟೇ ಅದು ಯಾವ ಆಕಾರದಲ್ಲಿದೆ ಎಂಬುದೂ ಮುಖ್ಯ. ಚಿಟಿಕೆಯಷ್ಟು ಧಾತುಗಳ ಕೆಲಸ ಆರಂಭವಾಗುವುದು ಇಲ್ಲಿಂದ.

ಒಂದು ಉಪ್ಪು ಮಾಡಿದ ಬದಲಾವಣೆ

ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ್ದ ಅಲಡಾರ್ ಪಾಚ್ ಎಂಬ ರಸಾಯನಶಾಸ್ತ್ರಜ್ಞರು 1920ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಕರಗಿದ ಅಲ್ಯೂಮಿನಿಯಂ–ಸಿಲಿಕಾನ್ ಮಿಶ್ರಲೋಹವನ್ನು ಸೋಡಿಯಂ ಫ್ಲೋರೈಡ್‌ನಂಥ ಉಪ್ಪಿನೊಡನೆ ಸಂಸ್ಕರಿಸಿದರೆ ಎರಕದ ಕಣಗಳು ನವುರಾಗಿ ಲೋಹವು ಬಾಗುವ ಗುಣವನ್ನು ಪಡೆಯುತ್ತದೆ ಎಂಬುದು ಅದರ ಸಾರ. 1921ರಲ್ಲಿ ಪೇಟೆಂಟ್ ದೊರೆಯಿತು. ವಿದ್ಯುದ್ದೀಪದ ಟಂಗ್‌ಸ್ಟನ್ ತಂತಿ ಕಾದಾಗ ಜೋಲು ಬೀಳದಂತೆ ಮಾಡಿದವರೂ ಇವರೇ. ಆ ತಂತಿಯ ಗುಟ್ಟೂ ಅತ್ಯಲ್ಪ ಪ್ರಮಾಣದ ಪೊಟ್ಯಾಸಿಯಂನಲ್ಲಿತ್ತು ಎಂಬುದು ಗಮನಾರ್ಹ.

ಉಪ್ಪಿನಿಂದ ಬಿಡುಗಡೆಯಾಗಿ ಲೋಹದೊಳಕ್ಕೆ ಸೇರುತ್ತಿದ್ದ ಸೋಡಿಯಂ ಈ ಬದಲಾವಣೆಗೆ ಕಾರಣವೆಂಬುದು ಮುಂದೆ ಸ್ಪಷ್ಟವಾಯಿತು. ಬೇಕಾದ ಪ್ರಮಾಣವೂ ಬಹಳ ಕಡಿಮೆ: ಸುಮಾರು ಶೇ. 0.01, ಅಂದರೆ 10,000 ಪಾಲಿಗೆ ಒಂದು ಪಾಲು. ಸೋಡಿಯಂ ಸೇರಿದ ಲೋಹದಲ್ಲಿ ಸಿಲಿಕಾನ್ ಫಲಕಗಳಾಗಿ ಬೆಳೆಯದೆ ಹವಳದ ಕೊಂಬೆಗಳಂತೆ ಕವಲೊಡೆದ ನವುರಾದ ಎಳೆಗಳಾಗುತ್ತದೆ. ಕತ್ತರಿಸಿದ ಮುಖದಲ್ಲಿ ಇವು ಸಣ್ಣ ಚುಕ್ಕೆಗಳಂತೆ ಕಾಣುತ್ತವೆ. ಲೋಹವನ್ನು ಎಳೆದಾಗ ತುಂಡಾಗುವ ಮುನ್ನ ಅದು ಉದ್ದವಾಗುವ ಪ್ರಮಾಣ ಹಲವು ಪಟ್ಟು ಹೆಚ್ಚುತ್ತದೆ, ಕರ್ಷಣ ಬಲವೂ ಏರುತ್ತದೆ. ಲೋಹಶಾಸ್ತ್ರದಲ್ಲಿ ಈ ಸಂಸ್ಕಾರಕ್ಕೆ ಮಾಡಿಫಿಕೇಶನ್ ಎಂದು ಹೆಸರು. ಇದನ್ನು ರೂಪಾಂತರ ಸಂಸ್ಕಾರ ಎನ್ನಬಹುದು.

ಇಷ್ಟು ಅಲ್ಪ ಪ್ರಮಾಣ ಇಷ್ಟು ದೊಡ್ಡ ಕೆಲಸವನ್ನು ಹೇಗೆ ಮಾಡುತ್ತದೆ? ಬೆಳೆಯುತ್ತಿರುವ ಸಿಲಿಕಾನ್ ಹರಳಿನ ಮೇಲ್ಮೈಗೆ ಸೋಡಿಯಂ ಪರಮಾಣುಗಳು ಅಂಟಿಕೊಂಡು ಅದರ ನೇರ ಬೆಳವಣಿಗೆಗೆ ಅಡ್ಡಿ ಮಾಡುತ್ತವೆ. ಅಡ್ಡಿಯಾದಲ್ಲೆಲ್ಲ ಹರಳು ದಿಕ್ಕು ಬದಲಿಸಿ ಕವಲೊಡೆಯುತ್ತದೆ. ಗೋಡೆ ಕಟ್ಟುವಾಗ ಸಾಲಿನ ನಡುವೆ ಅಲ್ಲಲ್ಲಿ ಅಳತೆ ತಪ್ಪಿದ ಇಟ್ಟಿಗೆಯೊಂದನ್ನು ಇಟ್ಟರೆ ಸಾಲು ಹೇಗೆ ತಿರುಗಬೇಕಾಗುವುದೋ ಹಾಗೆ. ಈ ವಿವರಣೆಯನ್ನು 1987ರಲ್ಲಿ ಲು ಮತ್ತು ಹೆಲವೆಲ್ ಎಂಬ ವಿಜ್ಞಾನಿಗಳು ವ್ಯವಸ್ಥಿತವಾಗಿ ಮಂಡಿಸಿದರು. ಎರಕದ ಮನೆಗಳಲ್ಲಿ ಅದಕ್ಕೂ 60 ವರ್ಷ ಮೊದಲಿನಿಂದ ಸೋಡಿಯಂ ಬಳಕೆಯಲ್ಲಿತ್ತು. ಕೈ ಬಲ್ಲದ್ದನ್ನು ಶಾಸ್ತ್ರ ತಡವಾಗಿ ವಿವರಿಸಿದ ಉದಾಹರಣೆಗಳಲ್ಲಿ ಇದೂ ಒಂದು.

ಸೋಡಿಯಂ ಕರಗಿದ ಲೋಹದಲ್ಲಿ ನಿಲ್ಲುವ ಜಾತಿಯದಲ್ಲ. ಆವಿಯಾಗಿಯೂ ಉರಿದೂ ಸುಮಾರು ಅರ್ಧ ಗಂಟೆಯಲ್ಲಿ ಅದರ ಪ್ರಭಾವ ಕರಗಿಹೋಗುತ್ತದೆ. ಅಷ್ಟರೊಳಗೆ ಅಚ್ಚುಗಳೆಲ್ಲ ತುಂಬಬೇಕು. ಒಂದೇ ಮೂಸೆಯಿಂದ ಹೊಯ್ದ ಮೊದಲ ಹತ್ತು ಎರಕಗಳು ಉತ್ತಮವಾಗಿದ್ದು ಕೊನೆಯ ಹತ್ತು ಪೆಡಸಾಗಿರುವ ಸಂಭವವುಂಟು. ತೇವ ತಗುಲಿದರೆ ಸೋಡಿಯಂ ಹೊತ್ತಿಕೊಳ್ಳುವುದರಿಂದ ಅದನ್ನು ಮುಚ್ಚಿದ ಡಬ್ಬಿಗಳಲ್ಲಿಟ್ಟು ಬಳಸಬೇಕಾಗುತ್ತದೆ. ಈ ಕಾರಣಗಳಿಂದ 1970ರ ದಶಕದಿಂದೀಚೆಗೆ ಸ್ಟ್ರಾನ್ಷಿಯಂ ಹೆಚ್ಚು ಪ್ರಚಾರಕ್ಕೆ ಬಂದಿತು. ಅದು ಗಂಟೆಗಟ್ಟಲೆ ನಿಲ್ಲುತ್ತದೆ. ಹತ್ತರಲ್ಲಿ ಒಂದು ಪಾಲು ಸ್ಟ್ರಾನ್ಷಿಯಂ, ಉಳಿದುದು ಅಲ್ಯೂಮಿನಿಯಂ ಇರುವ ಸರಳುಗಳ ರೂಪದಲ್ಲಿ ದೊರೆಯುತ್ತದೆ. 100 ಕಿಲೋಗ್ರಾಂ ಲೋಹಕ್ಕೆ ಶೇ. 0.02ರಷ್ಟು ಸ್ಟ್ರಾನ್ಷಿಯಂ ಬೇಕಾದರೆ ಇಂಥ ಸರಳಿನ 200 ಗ್ರಾಂ ತುಂಡು ಸಾಕು. ತುಸು ನಷ್ಟಕ್ಕೆಂದು ಅನುಭವಿಗಳು ಸ್ವಲ್ಪ ಹೆಚ್ಚಿಗೆ ಹಾಕುವುದುಂಟು.

ಸ್ಟ್ರಾನ್ಷಿಯಂ ಕೂಡ ನಿರುಪದ್ರವಿಯಲ್ಲ. ಅದನ್ನು ಸೇರಿಸಿದ ಎರಕಗಳಲ್ಲಿ ಸೂಕ್ಷ್ಮರಂಧ್ರಗಳು ಹೆಚ್ಚಾಗಿ ಹರಡಿಕೊಳ್ಳುವುದು ಕಂಡುಬಂದಿದೆ. ಕರಗಿದ ಅಲ್ಯೂಮಿನಿಯಂ ಗಾಳಿಯ ತೇವದಿಂದ ಹೈಡ್ರೋಜನ್ ಅನಿಲವನ್ನು ಹೀರಿಕೊಳ್ಳುತ್ತದೆ. ದ್ರವರೂಪದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಅನಿಲದ ಸುಮಾರು ಇಪ್ಪತ್ತನೆಯ ಒಂದು ಪಾಲನ್ನು ಮಾತ್ರ ಅದು ಘನರೂಪದಲ್ಲಿ ಹಿಡಿದಿಡಬಲ್ಲದು. ಉಳಿದುದು ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲ ತೀರದ ನಗರಗಳಲ್ಲಿ ಮಳೆಗಾಲದ ತೇವದ ದಿನಗಳಲ್ಲಿ ಈ ತೊಂದರೆ ಹೆಚ್ಚು. ಆದುದರಿಂದ ಸ್ಟ್ರಾನ್ಷಿಯಂ ಬಳಸುವವರು ಒಣ ನೈಟ್ರೋಜನ್ ಅಥವಾ ಆರ್ಗಾನ್ ಅನಿಲವನ್ನು ಕರಗಿದ ಲೋಹದ ಮೂಲಕ ಹಾಯಿಸಿ ಹೈಡ್ರೋಜನ್ನನ್ನು ಹೊರಹಾಕುವ ಕೆಲಸವನ್ನು ಕಡೆಗಣಿಸುವಂತಿಲ್ಲ.

ಪರಸ್ಪರ ಹೊಂದದ ಧಾತುಗಳು

ರಂಜಕವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಅದು ಅಲ್ಯೂಮಿನಿಯಂನೊಡನೆ ಕೂಡಿ ಅತಿ ಸಣ್ಣ ಕಣಗಳಾಗುತ್ತದೆ. ಈ ಕಣಗಳ ಮೇಲೆ ಸಿಲಿಕಾನ್ ಹರಳುಗಳು ಸುಲಭವಾಗಿ ಹುಟ್ಟಿಕೊಳ್ಳುತ್ತವೆ. ಸಿಲಿಕಾನ್ ಶೇ. 17ರಷ್ಟಿರುವ, ಸವೆತವನ್ನು ತಡೆಯಬೇಕಾದ ಲೋಹಗಳಲ್ಲಿ ಇದು ವರವೇ ಸರಿ, ಏಕೆಂದರೆ ಅಲ್ಲಿ ಮೊದಲಿಗೆ ಹುಟ್ಟುವ ದಪ್ಪ ಸಿಲಿಕಾನ್ ಹರಳುಗಳು ಸಂಖ್ಯೆಯಲ್ಲಿ ಹೆಚ್ಚಿ ಗಾತ್ರದಲ್ಲಿ ಚಿಕ್ಕವಾಗುತ್ತವೆ. ಆದರೆ ಸಿಲಿಕಾನ್ ಶೇ. 7 ಅಥವಾ 12ರಷ್ಟಿರುವ ಸಾಮಾನ್ಯ ಲೋಹದಲ್ಲಿ ರಂಜಕವು ಸೋಡಿಯಂ ಮತ್ತು ಸ್ಟ್ರಾನ್ಷಿಯಂಗಳೊಡನೆ ಕೂಡಿ ಅವುಗಳನ್ನು ನಿಷ್ಫಲಗೊಳಿಸುತ್ತದೆ. ಆಂಟಿಮನಿ ಎಂಬ ಇನ್ನೊಂದು ಧಾತು ಸಿಲಿಕಾನ್ ಫಲಕಗಳನ್ನು ತೆಳುಗೊಳಿಸುತ್ತದೆ. ಅದರ ಪ್ರಭಾವ ಮತ್ತೆ ಮತ್ತೆ ಕರಗಿಸಿದರೂ ಅಳಿಯುವುದಿಲ್ಲ. ಆ ಶಾಶ್ವತತೆಯೇ ಅದರ ಪೀಡೆಯೂ ಹೌದು. ಆಂಟಿಮನಿ ಇರುವ ಲೋಹದ ಗುಜರಿಯು ಸ್ಟ್ರಾನ್ಷಿಯಂ ಬಳಸುವ ಕಾರ್ಖಾನೆಯ ಮೂಸೆಗೆ ಬಿದ್ದರೆ ಎರಡೂ ಪರಸ್ಪರ ಬಂಧಿಸಿಕೊಂಡು ಎರಡರ ಪ್ರಯೋಜನವೂ ಕುಗ್ಗುತ್ತದೆ.

ಮೆಗ್ನೀಸಿಯಂ ಮತ್ತು ತಾಮ್ರ

ಮೇಲೆ ಹೇಳಿದ ಧಾತುಗಳು ಸಿಲಿಕಾನ್‌ನ ಆಕಾರವನ್ನು ತಿದ್ದುತ್ತವೆ. ಮೆಗ್ನೀಸಿಯಂ ಬಲಪಡಿಸುವುದು ಅಲ್ಯೂಮಿನಿಯಂನ್ನೇ. ಅಲಾಯ್ ಚಕ್ರಗಳಿಗೆ ಹೆಚ್ಚಾಗಿ ಬಳಸುವ ಎ 356 ಎಂಬ ಮಿಶ್ರಲೋಹದಲ್ಲಿ ಸಿಲಿಕಾನ್ ಸುಮಾರು ಶೇ. 7ರಷ್ಟೂ ಮೆಗ್ನೀಸಿಯಂ ಶೇ. 0.25ರಿಂದ 0.45ರಷ್ಟೂ ಇರುತ್ತವೆ. ಎರಕವನ್ನು ಸುಮಾರು 540 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟಾಗ ಮೆಗ್ನೀಸಿಯಂ ಅಲ್ಯೂಮಿನಿಯಂನೊಳಗೆ ಕರಗುತ್ತದೆ. ಕೂಡಲೇ ನೀರಿನಲ್ಲಿ ಅದ್ದಿದರೆ ಹೊರಬರಲು ಸಮಯವಿಲ್ಲದೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆಮೇಲೆ 155ರಿಂದ 170 ಡಿಗ್ರಿಯ ಒಲೆಯಲ್ಲಿ ಹಲವು ಗಂಟೆ ಇರಿಸಿದಾಗ ಅದು ಸಿಲಿಕಾನ್‌ನೊಡನೆ ಕೂಡಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳಾಗಿ ಲೋಹದ ತುಂಬ ಹರಡಿಕೊಳ್ಳುತ್ತದೆ. ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ಈ ಕಣಗಳು ತಡೆಯುತ್ತವೆ. ಇದೇ ಬಗೆಯ ಎಲ್‌ಎಂ 25 ಎಂಬ ಲೋಹಕ್ಕೆ ಬ್ರಿಟಿಷ್ ಮಾನಕವು ಲೋಹದ ಅಚ್ಚಿನಲ್ಲಿ ಹೊಯ್ದ ಸ್ಥಿತಿಯಲ್ಲಿ ಕನಿಷ್ಠ 160 ಮೆಗಾಪ್ಯಾಸ್ಕಲ್ ಕರ್ಷಣ ಬಲವನ್ನು ವಿಧಿಸಿದ್ದರೆ, ಈ ಉಷ್ಣೋಪಚಾರದ ನಂತರ 280 ಮೆಗಾಪ್ಯಾಸ್ಕಲ್ ವಿಧಿಸಿದೆ. ಸಾವಿರಕ್ಕೆ ಮೂರು ನಾಲ್ಕು ಪಾಲು ಮೆಗ್ನೀಸಿಯಂ ಇಲ್ಲದಿದ್ದರೆ ಒಲೆಯಲ್ಲಿ ಎಷ್ಟು ಹೊತ್ತು ಕಾಯಿಸಿದರೂ ಈ ಏರಿಕೆ ಸಿಗದು. ಹೆಚ್ಚಾದರೆ ಬಲ ಏರಿದಂತೆ ಬಾಗುವ ಗುಣ ಇಳಿಯುತ್ತದೆ.

ತಾಮ್ರವೂ ಇದೇ ರೀತಿ ಬಲ ಕೊಡುತ್ತದೆ. ಕಾದ ಸ್ಥಿತಿಯಲ್ಲಿಯೂ ಆ ಬಲ ಉಳಿಯುವುದರಿಂದ ಪಿಸ್ಟನ್ನುಗಳ ಲೋಹದಲ್ಲಿ ತಾಮ್ರ, ಮೆಗ್ನೀಸಿಯಂಗಳ ಜೊತೆಗೆ ನಿಕ್ಕಲ್ಲಿಗೂ ಸ್ಥಾನವುಂಟು. ಆದರೆ ತಾಮ್ರ ಸೇರಿದ ಲೋಹ ಉಪ್ಪುಗಾಳಿಯಲ್ಲಿ ಬೇಗ ಕೊರೆದುಹೋಗುತ್ತದೆ. ಕಡಲ ಸಮೀಪದಲ್ಲಿ ಬಳಸುವ ಎರಕಗಳಿಗೆ ತಾಮ್ರ ಕಡಿಮೆಯಿರುವ ಎಲ್‌ಎಂ 6ನ್ನು ಆರಿಸುವುದು ಇದಕ್ಕಾಗಿ.

ಟೈಟಾನಿಯಂ ಮತ್ತು ಬೋರಾನ್‌ಗಳ ವಿಷಯವನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. ಇವು ಅಲ್ಯೂಮಿನಿಯಂನ ಕಣಗಳನ್ನು ಸಣ್ಣದಾಗಿಸುತ್ತವೆ. ಇದರಿಂದ ಎರಕ ಆರುವಾಗ ಸೀಳುವ ಸಂಭವ ತಗ್ಗುತ್ತದೆ. ಸಿಲಿಕಾನ್‌ನ ಆಕಾರದ ಮೇಲೆ ಇವುಗಳಿಂದ ಅಂಥ ಪರಿಣಾಮವೇನಿಲ್ಲ.

ಒಳಬಂದ ಮೇಲೆ ಹೊರಹೋಗದ ಕಬ್ಬಿಣ

ಇದುವರೆಗೆ ಹೇಳಿದವು ಬೇಕೆಂದು ಸೇರಿಸುವ ಧಾತುಗಳು. ಕಬ್ಬಿಣ ಹೆಚ್ಚಾಗಿ ಕರೆಯದೆ ಬರುವ ಅತಿಥಿ. ಕರಗಿದ ಅಲ್ಯೂಮಿನಿಯಂನಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣ ಸುಲಭವಾಗಿ ಕರಗುತ್ತದೆ. ಘನ ಅಲ್ಯೂಮಿನಿಯಂನಲ್ಲಿ ಗರಿಷ್ಠ ಶೇ. 0.05 ಮಾತ್ರ. ಉಳಿದ ಕಬ್ಬಿಣವೆಲ್ಲ ಆರುವಾಗ ಅಲ್ಯೂಮಿನಿಯಂ ಮತ್ತು ಸಿಲಿಕಾನ್‌ಗಳೊಡನೆ ಕೂಡಿ ತೆಳ್ಳನೆಯ ಬಿಲ್ಲೆಗಳಾಗುತ್ತದೆ. ಅಡ್ಡ ಕೊಯ್ದು ನೋಡಿದಾಗ ಅವು ಉದ್ದನೆಯ ಸೂಜಿಗಳಂತೆ ಕಾಣುತ್ತವೆ. ಗಾಜಿನಂತೆ ಒಡೆಯುವ ಈ ಬಿಲ್ಲೆಗಳು ಲೋಹದೊಳಗೆ ಮೊದಲೇ ಇಟ್ಟ ಬಿರುಕುಗಳಿದ್ದಂತೆ. ದ್ರವಲೋಹ ಕೊನೆಯ ಮೂಲೆಗಳಿಗೆ ಹರಿಯುವುದನ್ನೂ ಇವು ತಡೆಯುವುದರಿಂದ ಪಕ್ಕದಲ್ಲೇ ರಂಧ್ರಗಳೂ ಹುಟ್ಟುತ್ತವೆ. ಎ 356 ಲೋಹದಲ್ಲಿ ಕಬ್ಬಿಣ ಶೇ. 0.20ನ್ನು ಮೀರಬಾರದೆಂಬ ಕಟ್ಟುನಿಟ್ಟು ಇದೇ ಕಾರಣಕ್ಕಾಗಿ.

ಕಬ್ಬಿಣ ಎಲ್ಲಿಂದ ಬರುತ್ತದೆ? ಉಕ್ಕು ಕರಗಲು 1500 ಡಿಗ್ರಿಯ ಆಸುಪಾಸಿನ ಶಾಖ ಬೇಕು, 700 ಡಿಗ್ರಿಯ ಕುಲುಮೆಯಲ್ಲಿ ಅದು ಹೇಗೆ ಕರಗೀತು ಎಂದು ಕೇಳುವವರಿದ್ದಾರೆ. ಬೆಲ್ಲ ನೀರಿನಲ್ಲಿ ಕರಗಲು ಬೆಲ್ಲವೇ ಕುದಿಯಬೇಕಿಲ್ಲ. ಹಾಗೆಯೇ ಉಕ್ಕಿನ ಬೋಲ್ಟು ಕರಗಿದ ಅಲ್ಯೂಮಿನಿಯಂನಲ್ಲಿ ನಿಧಾನವಾಗಿ ಕರಗಿಹೋಗುತ್ತದೆ. 100 ಕಿಲೋಗ್ರಾಂ ಲೋಹದ ಮೂಸೆಯ ತಳದಲ್ಲಿ ಅರ್ಧ ಕಿಲೋಗ್ರಾಂ ಬೋಲ್ಟು–ನಟ್ಟುಗಳು ಉಳಿದು ಪೂರ್ತಿ ಕರಗಿದರೆ ಕಬ್ಬಿಣದ ಪ್ರಮಾಣ ಅರ್ಧ ಪ್ರತಿಶತದಷ್ಟು ಏರುತ್ತದೆ. ಲೇಪನ ಬಳಿಯದ ಉಕ್ಕಿನ ಸೌಟು, ಕಲಕುವ ಸಲಾಕೆ, ಇವೂ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಕಬ್ಬಿಣವನ್ನು ಒಳಗೆ ಬಿಡುತ್ತವೆ. ಸೌಟಿಗೆ ಸುಣ್ಣದಂಥ ರಕ್ಷಕ ಲೇಪ ಬಳಿಯುವ ಹಳೆಯ ಪದ್ಧತಿಯನ್ನು ಬರಿಯ ಶಾಸ್ತ್ರವೆಂದು ಬಿಟ್ಟವರು ಇದನ್ನು ನೆನೆಯುವುದು ಒಳ್ಳೆಯದು.

ಕಬ್ಬಿಣ ಎಲ್ಲೆಡೆಯೂ ಬೇಡವಾದ ಧಾತುವೇನಲ್ಲ. ಉಕ್ಕಿನ ಅಚ್ಚಿನೊಳಕ್ಕೆ ಅಧಿಕ ಒತ್ತಡದಿಂದ ಲೋಹವನ್ನು ನುಗ್ಗಿಸುವ ಪ್ರೆಷರ್ ಡೈಕಾಸ್ಟಿಂಗ್ ವಿಧಾನದಲ್ಲಿ ಕಬ್ಬಿಣ ತೀರ ಕಡಿಮೆಯಾದರೆ ಅಲ್ಯೂಮಿನಿಯಂ ಅಚ್ಚಿಗೇ ಅಂಟಿಕೊಳ್ಳುತ್ತದೆ. ಅಲ್ಲಿ ಶೇ. 0.8ರಿಂದ 1ರಷ್ಟು ಕಬ್ಬಿಣವನ್ನು ಬೇಕೆಂದೇ ಉಳಿಸಿಕೊಳ್ಳುವುದು ವಾಡಿಕೆ. ಎಲ್‌ಎಂ 24 ಎಂಬ ಲೋಹಕ್ಕೆ ಶೇ. 1.3ರವರೆಗೂ ಅನುಮತಿಯುಂಟು. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ವಿಷವಾಗುವುದು ಹೀಗೆ. ವಿದ್ಯುತ್ ಕಾರುಗಳ ದೊಡ್ಡ ಒಡಲಭಾಗಗಳನ್ನು ಒಂದೇ ಎರಕದಲ್ಲಿ ಹೊಯ್ಯುವ ಇತ್ತೀಚಿನ ಕಾರ್ಖಾನೆಗಳಲ್ಲಿ ಬಾಗುವ ಗುಣವೂ ಬೇಕಾದುದರಿಂದ ಕಬ್ಬಿಣವನ್ನು ತಗ್ಗಿಸಿ, ಅಚ್ಚಿಗೆ ಅಂಟುವುದನ್ನು ತಡೆಯುವ ಕೆಲಸವನ್ನು ಮ್ಯಾಂಗನೀಸಿಗೆ ವಹಿಸಲಾಗುತ್ತಿದೆ.

ಮ್ಯಾಂಗನೀಸ್ ಕಬ್ಬಿಣವನ್ನು ತೆಗೆದುಹಾಕುವುದಿಲ್ಲ, ಅದರ ಸ್ವಭಾವವನ್ನು ಪಳಗಿಸುತ್ತದೆ. ಕಬ್ಬಿಣದ ಸುಮಾರು ಅರ್ಧದಷ್ಟು ಮ್ಯಾಂಗನೀಸ್ ಇದ್ದರೆ ಚೂಪಾದ ಬಿಲ್ಲೆಗಳ ಬದಲು ಚೀನೀ ಬರಹದ ಅಕ್ಷರಗಳನ್ನು ಹೋಲುವ ಒತ್ತಾದ ಆಕಾರಗಳು ಮೂಡುತ್ತವೆ. ಇವು ಅಷ್ಟು ಅಪಾಯಕಾರಿಯಲ್ಲ. ಆದರೆ ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂ ಮೂರೂ ಹೆಚ್ಚಾದಾಗ ಭಾರವಾದ ಗಟ್ಟಿ ಕಣಗಳು ಕುಲುಮೆಯ ತಳದಲ್ಲಿ ಕೆಸರಿನಂತೆ ಶೇಖರವಾಗುತ್ತವೆ. ಇದನ್ನು ಅಂದಾಜು ಮಾಡಲು ಒಂದು ಸರಳ ಲೆಕ್ಕವಿದೆ. ಕಬ್ಬಿಣದ ಪ್ರತಿಶತಕ್ಕೆ ಮ್ಯಾಂಗನೀಸಿನ ಎರಡರಷ್ಟನ್ನೂ ಕ್ರೋಮಿಯಂನ ಮೂರರಷ್ಟನ್ನೂ ಕೂಡಿಸಬೇಕು. ಕಬ್ಬಿಣ 1.0, ಮ್ಯಾಂಗನೀಸ್ 0.3, ಕ್ರೋಮಿಯಂ 0.1 ಇದ್ದರೆ ಮೊತ್ತ 1.9. ಸಾಮಾನ್ಯವಾಗಿ 1.8ರ ಆಸುಪಾಸನ್ನು ಮೇಲ್ಮಿತಿಯೆಂದು ಇಟ್ಟುಕೊಳ್ಳುವುದರಿಂದ ಈ ಕುಲುಮೆಯನ್ನು ಕಡಿಮೆ ಶಾಖದಲ್ಲಿ ಬಹಳ ಹೊತ್ತು ನಿಲ್ಲಿಸಿದರೆ ಕೆಸರು ಕೂಡುವುದು ಖಂಡಿತ.

ಗುಜರಿಯಿಂದ ಮತ್ತೆ ಎರಕಕ್ಕೆ

ಅದಿರಿನಿಂದ ಒಂದು ಟನ್ ಅಲ್ಯೂಮಿನಿಯಂ ಪಡೆಯಲು 13 ಸಾವಿರದಿಂದ 15 ಸಾವಿರ ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಹಳೆಯ ಲೋಹವನ್ನು ಮತ್ತೆ ಕರಗಿಸಲು ಬೇಕಾದ ಶಕ್ತಿ ಹೊಸದಾಗಿ ತಯಾರಿಸಲು ಬೇಕಾದುದರ ಸುಮಾರು ಇಪ್ಪತ್ತನೆಯ ಒಂದು ಪಾಲು ಮಾತ್ರ. ಆದುದರಿಂದ ಗುಜರಿಯ ಮರುಬಳಕೆ ದೇಶಕ್ಕೆ ಲಾಭಕರವೆಂಬುದರಲ್ಲಿ ಎರಡು ಮಾತಿಲ್ಲ. ಆಗಸ್ಟ್ 2021ರಲ್ಲಿ ವಾಹನ ಗುಜರಿ ನೀತಿಗೆ ಚಾಲನೆ ದೊರೆತ ಮೇಲೆ ಹಳೆಯ ವಾಹನಗಳ ಲೋಹಕ್ಕೆ ವ್ಯವಸ್ಥಿತ ದಾರಿಯೊಂದು ತೆರೆದಿದೆ. ದೆಹಲಿಯ ಮಾಯಾಪುರಿ, ಮುಂಬಯಿಯ ಕುರ್ಲಾ, ಚೆನ್ನೈಯ ಪುದುಪೇಟೆಯಂಥ ಪೇಟೆಗಳಲ್ಲಿ ಕೈಯಿಂದ ಬಿಡಿಭಾಗ ಬಿಚ್ಚುವ ಕೆಲಸಗಾರರು ಈ ವಿದ್ಯೆಯನ್ನು ಬಹುಕಾಲದಿಂದ ಬಲ್ಲರು.

ತೊಡಕು ಇರುವುದು ಬೆರಕೆಯಲ್ಲಿ. ಕರಗಿಸುವಾಗ ಮೆಗ್ನೀಸಿಯಂ ಸುಟ್ಟುಹೋಗಿ ಕಡಿಮೆಯಾಗಬಹುದು, ಅದನ್ನು ಮತ್ತೆ ಸೇರಿಸಬಹುದು. ಕಬ್ಬಿಣ ಮತ್ತು ತಾಮ್ರಗಳು ಒಳಗೆ ಸೇರಿದರೆ ಅವನ್ನು ಮಿತವ್ಯಯದಲ್ಲಿ ಹೊರತೆಗೆಯುವ ಉಪಾಯ ಸಾಮಾನ್ಯ ಎರಕದ ಮನೆಗಳಲ್ಲಿ ಇಲ್ಲ. ಹೊಸ ಲೋಹವನ್ನು ಬೆರೆಸಿ ತೆಳುಗೊಳಿಸುವುದೊಂದೇ ದಾರಿ. ಒಂದು ಲೆಕ್ಕವನ್ನು ನೋಡಬಹುದು. ಶೇ. 0.12ರಷ್ಟು ಕಬ್ಬಿಣವಿರುವ ಚಕ್ರದ ಲೋಹ 80 ಕಿಲೋಗ್ರಾಂ, ಅದರ ಜೊತೆ ಶೇ. 1ರಷ್ಟು ಕಬ್ಬಿಣ ಮತ್ತು ಶೇ. 3.5ರಷ್ಟು ತಾಮ್ರವಿರುವ ಇಂಜಿನ್ ಕವಚದ ಗುಜರಿ 20 ಕಿಲೋಗ್ರಾಂ ಬೆರೆತವೆನ್ನೋಣ. ಮಿಶ್ರಣದಲ್ಲಿ ಕಬ್ಬಿಣ ಸುಮಾರು ಶೇ. 0.30, ತಾಮ್ರ ಶೇ. 0.70. ಎ 356 ಲೋಹಕ್ಕೆ ಎರಡಕ್ಕೂ ಇರುವ ಮಿತಿ ಶೇ. 0.20. ಲೋಹ ನೋಡಲು ಬೆಳ್ಳಗೆ ಹೊಳೆಯುತ್ತದೆ, ಅಚ್ಚಿನಲ್ಲಿ ಚೆನ್ನಾಗಿ ಹರಿಯುತ್ತದೆ, ಬಣ್ಣ ಬಳಿದ ಮೇಲೆ ಅಂಗಡಿಯ ಗೋಡೆಯಲ್ಲಿ ಇತರ ಚಕ್ರಗಳ ಪಕ್ಕದಲ್ಲಿಯೇ ತೂಗಾಡುತ್ತದೆ. ಕಿಡಿಯ ಬೆಳಕನ್ನು ವಿಶ್ಲೇಷಿಸಿ ಧಾತುಗಳ ಪ್ರಮಾಣ ತಿಳಿಸುವ ಸ್ಪೆಕ್ಟ್ರೋಮೀಟರ್ ಯಂತ್ರ ಇದನ್ನು ಒಂದೆರಡು ನಿಮಿಷದಲ್ಲಿ ಹಿಡಿದುಕೊಡುತ್ತದೆ. ಈ ಯಂತ್ರವಿಲ್ಲದ ಸಣ್ಣ ಎರಕದ ಮನೆಗಳು ಪ್ರತಿ ಮೂಸೆಯ ಒಂದು ತುಂಡನ್ನು ಹತ್ತಿರದ ಪರೀಕ್ಷಾಲಯಕ್ಕೆ ಕಳುಹಿಸಬಹುದು. ಭಾರತೀಯ ಮಾನಕ ಐಎಸ್ 617ರಲ್ಲಿ ಎರಕದ ಅಲ್ಯೂಮಿನಿಯಂ ಲೋಹಗಳ ಧಾತುಮಿತಿಗಳನ್ನು ಕೊಡಲಾಗಿದೆ.

ಬಾಗಿದ ಚಕ್ರವನ್ನು ಏನು ಮಾಡಬೇಕು ಎಂಬ ಪ್ರಶ್ನೆ ವಾಹನ ಉಳ್ಳವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವಂಥದು. ರಸ್ತೆ ಬದಿಯ ಅಂಗಡಿಗಳಲ್ಲಿ ಅದನ್ನು ಗ್ಯಾಸಿನ ಉರಿಯಿಂದ ಕಾಯಿಸಿ, ಬಡಿದು ನೇರ ಮಾಡಿಕೊಡುವುದುಂಟು. ಸೀಳಿದ್ದರೆ ಬೆಸುಗೆ ಹಾಕುವುದೂ ಉಂಟು. ಸುಮಾರು 160 ಡಿಗ್ರಿಯಲ್ಲಿ ಗಂಟೆಗಟ್ಟಲೆ ಹದಗೊಳಿಸಿದ ಲೋಹದ ಮೇಲೆ ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬಿದ್ದಾಗ ಮೆಗ್ನೀಸಿಯಂನ ಆ ಸೂಕ್ಷ್ಮ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ, ಅಲ್ಲಿಗೆ ಬಲ ಇಳಿಯುತ್ತದೆ. ಚಕ್ರದ ಉಳಿದ ಭಾಗ ಗಟ್ಟಿಯಾಗಿಯೇ ಇದ್ದು ಕಾಯಿಸಿದ ಜಾಗ ಮಾತ್ರ ಮೆತ್ತಗಾಗಿರುತ್ತದೆ. ಮತ್ತೆ 540 ಡಿಗ್ರಿಯಿಂದ ಆರಂಭಿಸಿ ಪೂರ್ಣ ಉಷ್ಣೋಪಚಾರ ಮಾಡಿದರೆ ಮಾತ್ರ ಬಲ ಮರಳೀತು. ಅಷ್ಟು ಶಾಖದಲ್ಲಿ ಸಿದ್ಧ ಚಕ್ರದ ಅಳತೆಯೇ ಕೆಡುವುದರಿಂದ ಯಾವ ಅಂಗಡಿಯವನೂ ಅದಕ್ಕೆ ಕೈ ಹಾಕುವುದಿಲ್ಲ. ಅಂಥ ಚಕ್ರಕ್ಕೆ ತಕ್ಕ ಸ್ಥಳ ಗುಜರಿ. ಅಲ್ಲಿ ಅದಕ್ಕೆ ಒಳ್ಳೆಯ ಬೆಲೆಯೂ ಇದೆ. ಎರಕದ ಗುಜರಿಗಳಲ್ಲೆಲ್ಲ ಇದರ ಧಾತುಪ್ರಮಾಣ ನಂಬಿಕೆಗೆ ಅರ್ಹವಾದುದರಿಂದ ವ್ಯಾಪಾರಿಗಳು ಇದನ್ನು ಟ್ರೋಮಾ ಎಂಬ ಪ್ರತ್ಯೇಕ ಹೆಸರಿನಿಂದ ಕೊಳ್ಳುತ್ತಾರೆ. ಟೈರು, ಗಾಳಿಯ ವಾಲ್ವು ಮತ್ತು ಸಮತೋಲನಕ್ಕಾಗಿ ಅಂಚಿಗೆ ಸಿಕ್ಕಿಸಿದ ಸೀಸ ಅಥವಾ ಉಕ್ಕಿನ ತುಂಡುಗಳನ್ನು ಮೊದಲೇ ತೆಗೆದಿರಬೇಕೆಂಬುದು ಆ ಕೊಳ್ಳುವಿಕೆಯ ಷರತ್ತು.